ಹೇಳದೆ ಕೇಳದೆ ಬಂದ ನೆಂಟ: ಏಲಿಯನ್ ಸಿನಿಮಾಗಳಲ್ಲಿ ನಮ್ಮ ಮುಖ

[ದೃಶ್ಯ: ಹಾಸನ, ಸಾಲಗಾಮೆ ರಸ್ತೆ. ಬೆಳಗಿನ ಮಂಜು. ದೂರದಲ್ಲಿ ಬಿಳಿ ಡಿಶ್ ಆಂಟೆನಾಗಳು.]

ಆ ದೊಡ್ಡ ಬಿಳಿ ತಟ್ಟೆಗಳು ಕಾಣ್ತಿವೆಯಲ್ಲ, ಹಾಸನದವರಿಗೆ ಅವುಗಳ ಪರಿಚಯ ಬೇಕಿಲ್ಲ. ಎಂಸಿಎಫ್. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಇಲ್ಲೇ ಇದೆ. ಅದರೊಳಗೆ ಕೂತವರು ಬೇರೆ ಗ್ರಹದವರ ಹತ್ರ ಮಾತಾಡ್ತಾರೆ ಅಂತ ಚಿಕ್ಕಂದಿನಲ್ಲಿ ನಮ್ಮ ಬೀದಿ ಹುಡುಗರೆಲ್ಲ ನಂಬಿದ್ವಿ. ಬೇರೆ ಗ್ರಹದವರು ಯಾರೂ ಇಲ್ಲ ಕಣ್ರೀ. ಸುಮಾರು 36,000 ಕಿಲೋಮೀಟರ್ ಮೇಲಿರೋ ನಮ್ಮದೇ ಉಪಗ್ರಹಗಳು ಜಾಗ ಬಿಟ್ಟು ಕದಲದ ಹಾಗೆ ನೋಡ್ಕೊಳ್ಳೋದು ಅಲ್ಲಿನ ಕೆಲಸ.

ಆದ್ರೆ ಅನ್ಯಗ್ರಹದವರಿಗೆ ಅಂತ ಕನ್ನಡದಲ್ಲಿ ಮಾತು ಹೋಗಿರೋದು ನಿಜ. ಹೋಗಿದ್ದು ಅಮೆರಿಕದಿಂದ. 1977ರಲ್ಲಿ ಹಾರಿದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲೂ ಚಿನ್ನದ ಲೇಪದ ಒಂದೊಂದು ಗ್ರಾಮೊಫೋನ್ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ. ಒಂದು ನಮ್ಮದು. ವಾಯೇಜರ್ 1 ಈಗ ಎರಡೂವರೆ ಸಾವಿರ ಕೋಟಿ ಕಿಲೋಮೀಟರ್ ಆಸುಪಾಸಿನಲ್ಲಿದೆ. ಅಷ್ಟು ದೂರ ಹೋದ ಕನ್ನಡ ಇನ್ನೊಂದಿಲ್ಲ.

ಆ ತಟ್ಟೆಯಲ್ಲಿ ಹಕ್ಕಿಯ ಕೂಗು ಇದೆ, ಮಗುವಿನ ಅಳು ಇದೆ, ಸಂಗೀತ ಇದೆ, ನೂರಕ್ಕೂ ಹೆಚ್ಚು ಚಿತ್ರಗಳಿವೆ. ಯುದ್ಧದ ಚಿತ್ರ ಇಲ್ಲ. ಬಡತನ ಇಲ್ಲ. ರೋಗ ಇಲ್ಲ. ತಟ್ಟೆಯಲ್ಲಿ ಏನಿರಬೇಕು ಅಂತ ಆರಿಸಿದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ತಂಡ ಬೇಕಂತಲೇ ಅವನ್ನ ಬಿಟ್ಟಿತು. ಹೆಣ್ಣು ನೋಡೋಕೆ ಬರ್ತಾರೆ ಅಂದ ದಿನ ನಮ್ಮನೆಗಳಲ್ಲಿ ಏನಾಗುತ್ತೆ? ಹರಿದ ಚಾಪೆ ಮಂಚದ ಕೆಳಗೆ, ಒಡೆದ ಕೊಡ ಹಿತ್ತಲಿಗೆ, ಹೊಸ ಲೋಟಗಳು ಹೊರಗೆ. ಇದೂ ಅದೇ.

ಸಿನಿಮಾದಲ್ಲಿ ಮಾತ್ರ ನೆಂಟ ಹೇಳದೆ ಕೇಳದೆ ಬರ್ತಾನೆ. ಬರೋ ತಿಥಿ ಗೊತ್ತಿಲ್ಲದವನೇ ಅತಿಥಿ ಅಂತಾರಲ್ಲ, ಅಪ್ಪಟ ಆ ಅರ್ಥದಲ್ಲಿ. ಮನೆ ಗುಡಿಸಿಲ್ಲ, ಪಾತ್ರೆ ತೊಳೆದಿಲ್ಲ, ಅಣ್ಣತಮ್ಮಂದಿರ ಜಗಳ ಜಗುಲಿ ಮೇಲೇ ನಡೀತಿದೆ. ಅದಕ್ಕೇ ನಾನು ಏಲಿಯನ್ ಸಿನಿಮಾದಲ್ಲಿ ಏಲಿಯನ್‌ನ ಅಷ್ಟಾಗಿ ನೋಡೋದಿಲ್ಲ. ಬಾಗಿಲು ತೆಗೆಯೋಕೆ ಯಾರು ಬಂದ್ರು, ಕೈಯಲ್ಲಿ ಏನು ಹಿಡ್ಕೊಂಡು ಬಂದ್ರು ಅಂತ ನೋಡ್ತೀನಿ.

[ದೃಶ್ಯ: ಕಪ್ಪುಬಿಳುಪು ರೇಖಾಚಿತ್ರ. ಮೈದಾನದಲ್ಲಿ ತಟ್ಟೆಯಾಕಾರದ ನೌಕೆ, ಸುತ್ತ ಸೈನಿಕರು.]

1951. 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್'. ವಾಷಿಂಗ್ಟನ್‌ನಲ್ಲಿ ನೌಕೆ ಇಳಿಯುತ್ತೆ. ಒಳಗಿಂದ ಬಂದವನು, ಜಗಳಕ್ಕೆ ಬಂದಿಲ್ಲ ಅಂತ ಹೇಳಿ ಕೈಲಿದ್ದ ವಸ್ತುವನ್ನ ಮುಂದೆ ಚಾಚ್ತಾನೆ. ಗಾಬರಿಯಾದ ಒಬ್ಬ ಸೈನಿಕ ಗುಂಡು ಹೊಡೀತಾನೆ. ಆ ವಸ್ತು ಪುಡಿಪುಡಿ. ಅದು ಅಮೆರಿಕದ ಅಧ್ಯಕ್ಷರಿಗೆ ತಂದಿದ್ದ ಉಡುಗೊರೆ! ಆಮೇಲೆ ಅವನು, ಎಲ್ಲಾ ದೇಶದವರನ್ನೂ ಒಟ್ಟಿಗೆ ಕೂರಿಸಿ, ಮಾತಾಡಬೇಕು ಅಂತಾನೆ. ಎಲ್ಲಿ ಸೇರೋದು ಅನ್ನೋದೇ ಇತ್ಯರ್ಥ ಆಗಲ್ಲ. ಆಗ ಕೊರಿಯಾದಲ್ಲಿ ಯುದ್ಧ ನಡೀತಿತ್ತು, ಅಮೆರಿಕ, ರಷ್ಯಾ ಇಬ್ಬರ ಹತ್ರಾನೂ ಅಣುಬಾಂಬ್ ಇತ್ತು. ಕೈ ಚಾಚಿದವರೆಲ್ಲ ಹೊಡೆಯೋಕೇ ಬಂದವರು ಅಂತ ಅನಿಸೋ ಕಾಲ.

ಇದನ್ನ ನೋಡಿದಾಗ ನನಗೆ ಆಲೂರು ಕಡೆ ಕಂಡ ಒಂದು ಬೆಳಗ್ಗೆ ನೆನಪಾಗುತ್ತೆ. ಗದ್ದೆಯಲ್ಲಿ ಆನೆ ಹಿಂಡು. ನಮಗಿಂತ ದೊಡ್ಡದು, ನಮ್ಮ ಭಾಷೆ ಬಾರದ್ದು, ಯಾಕೆ ಬಂತು ಎಲ್ಲಿಗೆ ಹೋಗುತ್ತೆ ಅಂತ ಹೇಳದ್ದು. ಒಂದು ಕಡೆ ಅರಣ್ಯ ಇಲಾಖೆ ಜೀಪು, ಒಂದು ಕಡೆ ಮೊಬೈಲ್ ಎತ್ತಿ ಹಿಡಿದ ಹುಡುಗರು, ಬೆಳೆ ಹೋಯ್ತಲ್ಲಪ್ಪ ಅಂತ ತಲೆ ಮೇಲೆ ಕೈ ಹೊತ್ತ ರೈತ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈ ಮುಗಿದು "ಗಣಪ್ಪ, ಕಾಪಾಡಪ್ಪ" ಅಂದ್ರು. ಮರುಗಳಿಗೆಯಲ್ಲಿ ಅದೇ ಕೈಯಿಂದ ಪಟಾಕಿ ಹಚ್ಚಿದ್ರು. ನಾನು ನಗ್ತಾ ಇಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆಗೆ ಸಿಕ್ಕಿ ಜನ ಸತ್ತಿದ್ದಾರೆ, ಭಯ ಸುಳ್ಳಲ್ಲ. ಭಯ ಭಕ್ತಿ ಎರಡೂ ಒಂದೇ ಕೈಯಲ್ಲಿ ಇರ್ತವೆ, ಅಷ್ಟೇ.

ಸತ್ಯಜಿತ್ ರೇ ಅವರಿಗೆ ಇದು ಗೊತ್ತಿತ್ತು ಅನಿಸುತ್ತೆ. 1967ರಲ್ಲಿ ಅವರು ಬರೆದ 'ದಿ ಏಲಿಯನ್' ಚಿತ್ರಕಥೆಯಲ್ಲಿ ನೌಕೆ ಇಳಿಯೋದು ಬಂಗಾಳದ ಹಳ್ಳಿಯ ಕೊಳದಲ್ಲಿ. ನೀರಿನ ಮೇಲೆ ಕಾಣೋ ತುದಿ ನೋಡಿ ಊರವರು, ಮುಳುಗಿದ ದೇವಸ್ಥಾನ ಎದ್ದು ಬಂತು ಅಂದ್ಕೊಂಡು ಪೂಜೆಗೆ ನಿಲ್ತಾರೆ. ಆ ಸಿನಿಮಾ ಆಗಲೇ ಇಲ್ಲ. ನನಗಂತೂ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ದೇಶ ಬದಲಾದ್ರೆ ಬಾಗಿಲು ತೆಗೆಯೋವ್ರೂ ಬದಲಾಗ್ತಾರೆ. 1996ರ 'ಇಂಡಿಪೆಂಡೆನ್ಸ್ ಡೇ'ಯಲ್ಲಿ ಅಮೆರಿಕದ ಅಧ್ಯಕ್ಷನೇ ಯುದ್ಧವಿಮಾನ ಹತ್ತಿ ಹೊಡೆದಾಟಕ್ಕೆ ಹೋಗ್ತಾನೆ. ನಮ್ಮ 2014ರ 'ಪಿಕೆ' ನೋಡಿ. ರಾಜಸ್ಥಾನದಲ್ಲಿ ಇಳಿದವನಿಗೆ ಸೇನೆಯೂ ಸಿಗಲ್ಲ, ವಿಜ್ಞಾನಿಯೂ ಸಿಗಲ್ಲ. ಸಿಗೋನು ಕಳ್ಳ. ಕೊರಳಲ್ಲಿದ್ದ, ನೌಕೆ ಕರೆಸೋ ರಿಮೋಟ್ ಕಿತ್ಕೊಂಡು ಓಡ್ತಾನೆ. ಅದು ಕೊನೆಗೆ ಒಬ್ಬ ಸ್ವಾಮೀಜಿ ಕೈ ಸೇರುತ್ತೆ. ಅವರ ಭಯ ಬಾಂಬು, ನಮ್ಮದು ಜೇಬುಗಳ್ಳ ಮತ್ತು ಬಾಬಾ.

[ದೃಶ್ಯ: ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಚರ್ಚ್.]

ಇನ್ನು 2009ರ 'ಡಿಸ್ಟ್ರಿಕ್ಟ್ 9'. ನನ್ನ ಮೆಚ್ಚಿನ ಸಿನಿಮಾ, ಹಾಗಾಗಿ ಸ್ವಲ್ಪ ನಿಲ್ತೀನಿ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಮೇಲೆ ನೌಕೆ ಬಂದು ನಿಲ್ಲುತ್ತೆ. ಕಥೆಯಲ್ಲಿ ಅದು ಬರೋ ವರ್ಷ 1982. ನಮ್ಮ ಎಂಸಿಎಫ್ ಶುರುವಾದ ವರ್ಷವೇ. ಒಳಗಿರೋರು ಹಸಿದು ಬಸವಳಿದವರು, ದಾಳಿ ಮಾಡೋ ತ್ರಾಣವೇ ಇಲ್ಲ. ಅವರನ್ನ ಬೇಲಿ ಹಾಕಿ ಕೂಡ್ತಾರೆ, ಸೀಗಡಿ ಅಂತ ಅಡ್ಡಹೆಸರಿಡ್ತಾರೆ. ಇಪ್ಪತ್ತೆಂಟು ವರ್ಷ ಆದಮೇಲೆ, ಇಲ್ಲಿಂದಲೂ ಎದ್ದೇಳಿ ಅಂತಾರೆ. ಒಬ್ಬ ನೌಕರ ಕಾಗದ ಹಿಡ್ಕೊಂಡು ಗುಡಿಸಲಿಂದ ಗುಡಿಸಲಿಗೆ ಹೋಗ್ತಾನೆ, ಒಕ್ಕಲೆಬ್ಬಿಸೋ ನೋಟಿಸಿಗೆ ಅವರದೇ ಸಹಿ ಹಾಕಿಸ್ಕೊಳ್ಳೋಕೆ. ಗುಂಡಿನ ಸದ್ದಿಗಿಂತ ನನ್ನನ್ನ ಕಾಡಿದ್ದು ಆ ಪೆನ್ನು.

ಇದು ಬರೀ ಕಲ್ಪನೆ ಅಲ್ಲ. ಕೇಪ್‌ಟೌನ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಬಡಾವಣೆ ಇತ್ತು. 1966ರಲ್ಲಿ ವರ್ಣಭೇದದ ಸರ್ಕಾರ ಅದನ್ನ ಬಿಳಿಯರಿಗಷ್ಟೇ ಅಂತ ಘೋಷಿಸಿತು. 60,000ಕ್ಕೂ ಹೆಚ್ಚು ಜನರನ್ನ ಅಲ್ಲಿಂದ ಎಬ್ಬಿಸಿ, ಮನೆಗಳನ್ನ ಕೆಡವಿದರು. ಏಲಿಯನ್‌ಗೆ ಮಾಡಿದ್ದೆಲ್ಲ ಮೊದಲು ಮನುಷ್ಯರಿಗೆ ಮಾಡಿದ್ದೇ.

ನಮ್ಮಲ್ಲಿ ಹಾಗೆಲ್ಲ ಇಲ್ಲ ಅಂತೀರಾ? ಹಿಂದೆ ಕಾಣ್ತಿರೋ ಚರ್ಚ್ ನೋಡಿ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಕಟ್ಟಿದಾಗ ಊರುಗಳು ಮುಳುಗಿದವು. ಎರಡೂ ಒಂದೇ ಅಂತ ನಾನು ಹೇಳಲ್ಲ. ಅಲ್ಲಿ ಚರ್ಮದ ಬಣ್ಣ ನೋಡಿ ಓಡಿಸಿದ್ದು, ಇಲ್ಲಿ ನೀರಿಗಾಗಿ. ಆದ್ರೆ ಮಳೆಗಾಲದಲ್ಲಿ ಇಲ್ಲಿ ಫೋಟೋ ತೆಗೆಸ್ಕೊಳ್ಳೋಕೆ ಬರೋ ನಮ್ಮಲ್ಲಿ ಎಷ್ಟು ಜನ, ಈ ಚರ್ಚಿಗೆ ಭಾನುವಾರ ಬರ್ತಿದ್ದೋರು ಎಲ್ಲಿಗೆ ಹೋದ್ರು ಅಂತ ಕೇಳಿದ್ದೀವಿ? ನಾನೂ ಮೊದಲ ಮೂರು ಸಲ ಕೇಳಿರಲಿಲ್ಲ.

[ದೃಶ್ಯ: ಹಲ್ಮಿಡಿ. ಶಾಸನದ ಪ್ರತಿಕೃತಿ.]

ಕೊನೆಗೆ ಕೈಯಲ್ಲಿ ಬೋರ್ಡ್ ಹಿಡಿದು ಬಂದವಳ ಸಿನಿಮಾ. 2016ರ 'ಅರೈವಲ್'. 12 ಕಡೆ ನೌಕೆಗಳು ನಿಂತಿವೆ. ಸೇನೆ ಕರೆಸೋದು ಒಬ್ಬ ಭಾಷಾವಿಜ್ಞಾನಿಯನ್ನ. ಅವಳು ಬಿಳಿ ಹಲಗೆ ಮೇಲೆ ಮನುಷ್ಯ ಅಂತ ಒಂದು ಪದ ಬರೆದು ತೋರಿಸ್ತಾಳೆ. ತಿಂಗಳುಗಟ್ಟಲೆ ಕಲಿತ ಮೇಲೆ ಆ ಕಡೆಯಿಂದ ಒಂದು ಉತ್ತರ ಬರುತ್ತೆ, "ಆಯುಧ ಕೊಡು". ಇನ್ನೇನು ಯುದ್ಧವೇ! ಅವಳೊಬ್ಬಳು ತಡೀತಾಳೆ: ಅವರ ಪದಕ್ಕೆ ಸಲಕರಣೆ ಅನ್ನೋ ಅರ್ಥವೂ ಇರಬಹುದಲ್ಲ? ನಮ್ಮ ಹತಾರ ಅನ್ನೋ ಪದವೂ ಹಾಗೇ, ಸಲಕರಣೆಯೂ ಹೌದು, ಆಯುಧವೂ ಹೌದು. ಬಡಗಿ ಕೈಲಿದ್ರೆ ಹತಾರ ಕೆಲಸದ್ದು, ಇನ್ನೊಬ್ಬನ ಕೈಲಿದ್ರೆ?

ನಾನೀಗ ನಿಂತಿರೋದು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. ಇದು ಪ್ರತಿಕೃತಿ, ಮೂಲ ಕಲ್ಲು ಮೈಸೂರಿನಲ್ಲಿದೆ. ಕ್ರಿ.ಶ. ಸುಮಾರು 450ರದ್ದು ಅಂತಾರೆ. 1936ರಲ್ಲಿ ಪುರಾತತ್ವ ವಿದ್ವಾಂಸ ಎಂ. ಎಚ್. ಕೃಷ್ಣ ಇದನ್ನ ಬೆಳಕಿಗೆ ತಂದರು. ನಮ್ಮದೇ ಭಾಷೆ, ನಮ್ಮದೇ ಜಿಲ್ಲೆ. ಓದೋಕೆ ಬರುತ್ತಾ? ನನಗೆ ಒಂದಕ್ಷರ ಬರಲಿಲ್ಲ.

[ದೃಶ್ಯ: ಮೂಡಿಗೆರೆ ಸಂತೆ. ತರಕಾರಿ ರಾಶಿ, ಟಾರ್ಪಾಲು.]

ಮಲೆನಾಡಿನ ಕಾಫಿ ತೋಟಗಳಿಗೆ ಈಗ ಅಸ್ಸಾಂ ಕಡೆಯಿಂದ ಜನ ಬರ್ತಾರೆ. ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆ, ಅರ್ಥವಾಗದ ಭಾಷೆ, ಸಿಕ್ಕ ಸಿಕ್ಕವರೆಲ್ಲ ಕೇಳೋ ಪ್ರಶ್ನೆ ಒಂದೇ. ಮೊದಲು ಆಧಾರ್, ಆಮೇಲೆ ಹೆಸರು. ಬಂದವರೆಲ್ಲ ಬಾಂಗ್ಲಾದವರಂತೆ ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಆದ ಮೆಸೇಜು ನನಗೂ ಬಂದಿದೆ.

ಹೋದ ಸಂತೆ ದಿನ ಒಬ್ಬ ಅಜ್ಜಿ ಹತ್ರ ಕೊತ್ತಂಬರಿ ಕೊಳ್ತಿದ್ದೆ. ಪಕ್ಕದಲ್ಲಿ ಒಬ್ಬಳು ಅಸ್ಸಾಮಿ ಹುಡುಗಿ. ಅಜ್ಜಿ ಅವಳ ಅಂಗೈ ಮೇಲೆ ಹಸಿಮೆಣಸಿನಕಾಯಿ ಒಂದೊಂದೇ ಇಟ್ಕೊಂಡು ಎಣಿಸ್ತಿದ್ರು. ಒಂದು, ಎರಡು, ಮೂರು, ನಾಲ್ಕು, ಐದು. ಅಜ್ಜಿ ಹೇಳಿದ ಹಾಗೇ ಹುಡುಗಿಯೂ ಹೇಳ್ತಿದ್ಲು. ಆಮೇಲೆ ಅಜ್ಜಿ ಐದು ಬೆರಳು ಎತ್ತಿ, "ನಿಮ್ ಕಡೆ ಇದಕ್ಕೇನಂತೀಯವ್ವಾ?" ಅಂದ್ರು.

ಹುಡುಗಿಗೆ ಅರ್ಥ ಆಯ್ತು. "ಪಾಸ್" ಅಂದ್ಲು. ಅವರಲ್ಲಿ ಐದಕ್ಕೆ ಹಾಗೇ ಅನ್ನೋದು.

ಅಜ್ಜಿ ಬಾಯ್ತುಂಬ ನಕ್ಕು, ಕೊಸರಿಗೆ ಅಂತ ಇನ್ನೆರಡು ಮೆಣಸಿನಕಾಯಿ ಹಾಕಿ, ನನ್ನ ಕಡೆ ತಿರುಗಿ ಅಂದ್ರು:

"ನೋಡ್ ಮಗಾ, ಇಸ್ಕೂಲಿಗೇ ಹೋಗ್ದಿದ್ ನಾನೂ ಪಾಸು!"