ಕೊನೆಯ ಸಲ ಹಾಲು ಕುಡಿದ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಕಡೂರು ಸೀಮೆಯಲ್ಲಿ, ಒಂದು ಅಮೃತ ಮಹಲ್ ಕಾವಲಿನ, ಅಂದರೆ ಆ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲಿನ, ಪಕ್ಕದ ಊರಲ್ಲಿ. ಸ್ಕೂಲು ಬಿಟ್ಟ ಮೇಲೆ ದನ ಹೊಡೆದುಕೊಂಡು ಬರುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಬೆಂಗಳೂರು ಸೇರಿದ ಮೇಲೆ ದನದ ಹಿಂದೆ ನಡೆದದ್ದೇ ಇಲ್ಲ. ನಲವತ್ತು ವರ್ಷ ಕಳೆದ ಮೇಲೆ, ಹೋದ ವರ್ಷ ಜೂನ್ ತಿಂಗಳಲ್ಲಿ, ಮತ್ತೆ ಒಂದು ಮಂದೆಯ ಹಿಂದೆ ಹೋದೆ. ಈ ಸಲ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಕುದುರೆ ಮೇಲೆ ಕೂತು. ಆ ಆರು ದಿನದ ವಿಷಯ ಇವತ್ತು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನಿಸಿದೆ.

ಮಗಳು ಇರುವುದು ಡೆನ್ವರ್‌ನಲ್ಲಿ. "ಅಪ್ಪ, ಈ ಸಲ ಊರು ನೋಡೋದು ಬೇಡ, ದನ ಕಾಯೋಕೆ ಹೋಗೋಣ" ಅಂದಳು. ನನಗೆ ಅರ್ಥವಾಗಲಿಲ್ಲ. ಉತ್ತರಕ್ಕೆ ಒಂದು ದಿನ ಕಾರು ಓಡಿಸಿ ಶೆರಿಡನ್ ಅನ್ನುವ ಊರು ದಾಟಿ, ಬಿಗ್‌ಹಾರ್ನ್ ಬೆಟ್ಟಸಾಲಿನ ಬುಡಕ್ಕೆ ಬಂದಾಗ ಅರ್ಥವಾಯಿತು. ಕಣ್ಣು ಹೋಗುವಷ್ಟು ದೂರ ಹುಲ್ಲು. ಹುಲ್ಲಿನ ನಡುವೆ ಬೂದುಬಣ್ಣದ ಸೇಜ್ ಪೊದೆ. ಅದರ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಕರ್ಪೂರದಂಥ ಘಾಟು. ವಯೋಮಿಂಗ್ ನಮ್ಮ ಕರ್ನಾಟಕಕ್ಕಿಂತ ದೊಡ್ಡ ರಾಜ್ಯ. ಆದರೆ ಅಲ್ಲಿನ ಜನ ಆರು ಲಕ್ಷಕ್ಕೂ ಕಡಿಮೆ. ದನಗಳು ಅದರ ಎರಡರಷ್ಟು ಇವೆ.

ನಾವು ಇಳಿದುಕೊಂಡ ಜಾಗಕ್ಕೆ ಗೆಸ್ಟ್ ರಾಂಚ್ ಅಂತ ಹೆಸರು. ರಾಂಚ್ ಅಂದರೆ ದನ ಸಾಕುವ ದೊಡ್ಡ ಜಮೀನು, ಇಲ್ಲಿ ದುಡ್ಡು ಕೊಟ್ಟು ಅತಿಥಿಗಳೂ ಉಳಿಯಬಹುದು. ಹಳೆಯ ಹೆಸರು ಡೂಡ್ ರಾಂಚ್. ಡೂಡ್ ಅಂದರೆ ಪೇಟೆಯಿಂದ ಬಂದ, ಅಂಗಿ ಮಾಸದ ಮನುಷ್ಯ. ಇದು ಶುರುವಾದ ಕಥೆ ಚೆನ್ನಾಗಿದೆ. ಪಿಟ್ಸ್‌ಬರ್ಗ್‌ನಿಂದ ಬಂದ ಈಟನ್ ಅಣ್ಣತಮ್ಮಂದಿರು ಡಕೋಟಾ ಸೀಮೆಯಲ್ಲಿ ದನ ಸಾಕುತ್ತಿದ್ದರು. ಪೇಟೆಯ ಗೆಳೆಯರು ಬರುವರು, ಬಂದವರು ವಾರಗಟ್ಟಲೆ ಉಳಿಯುವರು. ಹಾಕಿದ ಊಟಕ್ಕೆ ಲೆಕ್ಕವೇ ಇಲ್ಲದಂತಾಯಿತು. 1882ರಿಂದ ಉಳಿದುಕೊಳ್ಳುವವರ ಹತ್ತಿರ ದುಡ್ಡು ತೆಗೆದುಕೊಳ್ಳಲು ಶುರುಮಾಡಿದರು. ಆಮೇಲೆ 1886–87ರ ಚಳಿಗಾಲ ಬಂತು. ಹಿಮದ ಕೆಳಗಿನ ಹುಲ್ಲು ಸಿಗದೆ ದನಗಳು ಗುಂಪುಗುಂಪಾಗಿ ಸತ್ತವು. ಅದೇ ಸೀಮೆಯಲ್ಲಿ ದನ ಸಾಕುತ್ತಿದ್ದ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಕೂಡ ಆ ಚಳಿಗಾಲದಲ್ಲಿ ಮಂದೆಯ ದೊಡ್ಡ ಪಾಲು ಕಳೆದುಕೊಂಡರು. ದನವನ್ನೇ ನಂಬಿ ಕೂತರೆ ಬದುಕು ನಡೆಯುವುದಿಲ್ಲ ಅಂತ ರಾಂಚಿನವರಿಗೆ ಗೊತ್ತಾಯಿತು. ಈಟನ್ ಮನೆಯವರು 1904ರಲ್ಲಿ ಶೆರಿಡನ್ ಹತ್ತಿರದ ವುಲ್ಫ್ ಅನ್ನುವ ಕಡೆಗೆ ಬಂದರು. ಆ ರಾಂಚ್ ಇವತ್ತಿಗೂ ನಡೆಯುತ್ತಿದೆ. 1926ರಲ್ಲಿ ಇಂಥ ರಾಂಚುಗಳದ್ದೇ ಒಂದು ಸಂಘವೂ ಆಯಿತು. ಪ್ರಯಾಣಿಕರು ಬೇಕಾಗಿದ್ದ ರೈಲ್ವೆ ಕಂಪನಿ ಅದಕ್ಕೆ ಒತ್ತಾಸೆಯಾಗಿ ನಿಂತಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಹುಲ್ಲು ಮೊದಲು ಕಾಡೆಮ್ಮೆಗಳದ್ದು, ಅವುಗಳ ಜೊತೆ ಬದುಕಿದ ಕ್ರೋ, ಶಯಾನ್, ಲಕೋಟಾ ಜನರದ್ದು. ಕಾಡೆಮ್ಮೆಯನ್ನು ಕೊಂದು, ಜನರನ್ನು ಒತ್ತರಿಸಿ ಆದಮೇಲೆ ದನದ ಮಂದೆಗಳು ಬಂದದ್ದು. ಕ್ರೋ ಜನರ ಊರುಗಳು ಶೆರಿಡನ್‌ನಿಂದ ಸ್ವಲ್ಪ ಉತ್ತರಕ್ಕೆ, ಮೊಂಟಾನಾದಲ್ಲಿ ಇವೆ. ಕುದುರೆ ಸವಾರಿಯಲ್ಲಿ ಅವರನ್ನು ಮೀರಿಸುವವರು ಇಲ್ಲ ಅಂತ ನಮ್ಮ ರಾಂಚಿನ ಆಳುಗಳೇ ಹೇಳುತ್ತಿದ್ದರು. ಇದನ್ನು ಬಿಟ್ಟು ಆ ಬೆಟ್ಟದ ಚೆಂದ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಈಗ ಕುದುರೆಗೆ ಬರೋಣ. ರಾಂಚಿಗೆ ಹೋಗುವ ಮುಂಚೆಯೇ ನಮ್ಮ ತೂಕ ಕೇಳಿ ಬರೆದುಕೊಂಡಿದ್ದರು. ಕುದುರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಜಾಸ್ತಿ ಹೊರಬಾರದು ಅನ್ನುವುದು ಅವರ ಲೆಕ್ಕ. ಅಲ್ಲಿನ ಕ್ವಾರ್ಟರ್ ಹಾರ್ಸ್ ಸುಮಾರು 500 ಕಿಲೋ ತೂಗುತ್ತದೆ. ಅಂದರೆ 100 ಕಿಲೋ ಹೊರಬಹುದು. ಅದರಲ್ಲಿ ಜೀನೇ 15 ಕಿಲೋ ಇರುತ್ತದೆ. ಉಳಿದದ್ದು ಮನುಷ್ಯನಿಗೆ. ಕಾಲು ಮೈಲಿ ಓಟದಲ್ಲಿ ಬೇರೆ ಯಾವ ಕುದುರೆಯೂ ಇದರ ಮುಂದೆ ನಿಲ್ಲದು, ಅದಕ್ಕೇ ಆ ಹೆಸರು. ಆದರೆ ರಾಂಚಿನವರು ಅದನ್ನು ಇಷ್ಟಪಡುವುದು ಓಟಕ್ಕಲ್ಲ. ದನದ ಮನಸ್ಸು ಅದಕ್ಕೆ ಗೊತ್ತಾಗುತ್ತದೆ, ಅದಕ್ಕೆ.

ನನಗೆ ಕೊಟ್ಟದ್ದು ಹದಿನಾರು ವರ್ಷದ ಒಂದು ಕಂದು ಕುದುರೆ. ಹೆಸರು ಬಿಸ್ಕೆಟ್. ಮೊದಲ ದಿನ ಕುದುರೆ ಹತ್ತಿಸಲೇ ಇಲ್ಲ. ಮೈ ಉಜ್ಜುವುದು, ಗೊರಸು ಎತ್ತಿ ಸಂದಿನ ಕಲ್ಲು ತೆಗೆಯುವುದು, ಜೀನು ಕಟ್ಟುವುದು, ಇಷ್ಟೇ ಕೆಲಸ. ಜೀನು ಕಟ್ಟುವುದರಲ್ಲಿ ಒಂದು ಗುಟ್ಟಿದೆ. ಹೊಟ್ಟೆಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆಗಳು ಉಸಿರು ತುಂಬಿಕೊಂಡು ಮೈ ಬಿಗಿ ಹಿಡಿಯುತ್ತವೆ. ಪಟ್ಟಿ ಬಿಗಿಯಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಉಸಿರು ಬಿಡುತ್ತದೆ, ಪಟ್ಟಿ ಸಡಿಲ. ಅದಕ್ಕೇ ಜೀನು ಹಾಕಿ, ಸ್ವಲ್ಪ ನಡೆಸಿ, ಮತ್ತೊಮ್ಮೆ ಬಿಗಿಯಬೇಕು. ಆಮೇಲೇ ರಿಕಾಪಿಗೆ ಕಾಲು. ಇದನ್ನು ಹೇಳಿಕೊಟ್ಟ ಹುಡುಗಿಗೆ ಇಪ್ಪತ್ತೆರಡು ವರ್ಷ ಇರಬಹುದು. ಮೂರು ಸಲ ಬಿಚ್ಚಿಸಿ ಮೂರು ಸಲ ಕಟ್ಟಿಸಿದಳು. ಒಂದು ಸಲವೂ ದನಿ ಏರಿಸಲಿಲ್ಲ.

ಲಗಾಮು ಹಿಡಿಯುವುದೂ ನಾನು ಅಂದುಕೊಂಡ ಹಾಗಿರಲಿಲ್ಲ. ಒಂದೇ ಕೈಯಲ್ಲಿ ಹಿಡಿಯಬೇಕು. ಎಡಕ್ಕೆ ಹೋಗಬೇಕು ಅಂದರೆ ಎಳೆಯುವುದಲ್ಲ, ಕೈಯನ್ನು ಸುಮ್ನೆ ಎಡಕ್ಕೆ ಸರಿಸುವುದು. ಬಲಗಡೆಯ ಲಗಾಮು ಕುತ್ತಿಗೆಗೆ ಮೆಲ್ಲಗೆ ತಾಕುತ್ತದೆ, ಕುದುರೆ ಆಚೆಗೆ ತಿರುಗುತ್ತದೆ. ಇನ್ನೊಂದು ಕೈ ಹಗ್ಗಕ್ಕೆ ಬಿಡುವಾಗಿರಬೇಕು. ಈ ವಿದ್ಯೆಯೆಲ್ಲ ಮೆಕ್ಸಿಕೋದ ದನಗಾಹಿಗಳಿಂದ ಬಂದದ್ದು. ಅವರನ್ನು ವಕೇರೋ ಅನ್ನುತ್ತಿದ್ದರು. ಕುಣಿಕೆ ಹಗ್ಗಕ್ಕೆ ಲ್ಯಾರಿಯಟ್, ದನಗಾಹಿಗಳ ಪಂದ್ಯಕ್ಕೆ ರೋಡಿಯೋ, ಕಾಡು ಕುದುರೆಗೆ ಮಸ್ಟಾಂಗ್, ಇವತ್ತಿನ ರಾಂಚಿನ ಅರ್ಧ ಮಾತು ಆ ಸ್ಪ್ಯಾನಿಷ್ ಮಾತೇ.

ನಾಲ್ಕನೇ ದಿನ ದನದ ಕೆಲಸ ಬಂತು. ನೂರೈವತ್ತು ತಾಯಿ ದನ, ಅಷ್ಟೇ ಕರು. ಎಲ್ಲ ಕರಿ ಆಂಗಸ್ ತಳಿ. ಬುಡದ ಹುಲ್ಲು ಮುಗಿಯುತ್ತಾ ಬಂದಿತ್ತು, ಬೆಟ್ಟದ ಮೇಲೆ ಹಿಮ ಕರಗಿ ಹೊಸ ಹುಲ್ಲು ಬಂದಿತ್ತು. ಅವನ್ನು ಮೇಲಿನ ಅರಣ್ಯದ ಹುಲ್ಲುಗಾವಲಿಗೆ ಹತ್ತಿಸಬೇಕು. ಅಲ್ಲಿ ಮೇಯಿಸಲು ಸರ್ಕಾರದ ಪರವಾನಗಿ ಬೇಕು, ಶುಲ್ಕ ಕಟ್ಟಬೇಕು. ಒಂದು ಹಸು ತನ್ನ ಕರುವಿನ ಜೊತೆ ಒಂದು ತಿಂಗಳು ಮೇಯುವ ಹುಲ್ಲೇ ಅಳತೆ. ನನಗೆ ನಮ್ಮ ಕಾವಲುಗಳು ನೆನಪಾದವು. ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಅನ್ನುವ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳಿಗೆ ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಹುಲ್ಲು ಇರುವ ಕಡೆ ದನ ಹೋಗಬೇಕು ಅನ್ನುವ ಲೆಕ್ಕ ಇಲ್ಲೂ ಅದೇ, ಅಲ್ಲೂ ಅದೇ.

ಅಮೆರಿಕದ ದನಕ್ಕೂ ನಮಗೂ ಇನ್ನೊಂದು ನಂಟಿದೆ. ಟೆಕ್ಸಾಸಿನ ಸೆಕೆಗೆ, ಉಣ್ಣಿ ಹುಳದ ಕಾಟಕ್ಕೆ ತಡೆಯುವ ಬ್ರಾಹ್ಮನ್ ತಳಿಯನ್ನು ಮಾಡಿದ್ದು ನಮ್ಮ ದೇಶದ ದನಗಳಿಂದ. ಗಿರ್, ಗುಜರಾತ್, ನೆಲ್ಲೂರು, ಜೊತೆಗೆ ಸ್ವಲ್ಪ ಮಟ್ಟಿಗೆ ನಮ್ಮ ಕೃಷ್ಣಾ ತೀರದ ತಳಿ. ಇದನ್ನು ಹೇಳಿದಾಗ ರಾಂಚಿನ ಯಜಮಾನರು ಕುರ್ಚಿ ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಹೇಳಿ ಅಂದರು.

ಬೆಳಗ್ಗೆ ಐದಕ್ಕೆ ಹೊರಟೆವು. ಬಿಸಿಲು ಏರಿದರೆ ದನ ಮಲಗಿಬಿಡುತ್ತದೆ. ಮಂದೆಯ ಮುಂದೆ ಇಬ್ಬರು, ಪಕ್ಕಗಳಲ್ಲಿ ಇಬ್ಬಿಬ್ಬರು, ಹಿಂದೆ ನಾವು ಹೊಸಬರು. ಹಿಂದಿನ ಜಾಗಕ್ಕೆ ಡ್ರ್ಯಾಗ್ ಅನ್ನುತ್ತಾರೆ. ಮುಂದಿನವರ ಧೂಳೆಲ್ಲ ಅಲ್ಲಿಗೇ. ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಸಣ್ಣ ಕರುಗಳು, ಕುಂಟುವ ದನ, ಎಲ್ಲ ಹಿಂದಕ್ಕೆ ಜಾರಿ ನಮ್ಮ ಮುಂದೆ ಬರುತ್ತವೆ. ಕುದುರೆಯ ನಡಿಗೆ ದನದ ನಡಿಗೆಗಿಂತ ಬಿರುಸು. ಹಾಗಾಗಿ ದಿನವಿಡೀ ಕುದುರೆಯನ್ನು ತಡೆದು ಹಿಡಿಯುವುದೇ ಕೆಲಸ.

ನಾನು ಹಳೆಯ ಅಭ್ಯಾಸದಲ್ಲಿ "ಹೋಯ್" ಅಂತ ಕೂಗಿದೆ. ಆ ಹುಡುಗಿ ಹತ್ತಿರ ಬಂದು, ಕೂಗಬೇಡಿ, ಎಲ್ಲಿ ನಿಲ್ಲುತ್ತೀರಿ ಅನ್ನುವುದೇ ನಿಮ್ಮ ಮಾತು ಅಂದಳು. ದನಕ್ಕೆ ಸುತ್ತ ಎಲ್ಲ ಕಾಣುತ್ತದೆ, ತನ್ನ ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಅಲ್ಲಿ ನಿಂತರೆ ಗಾಬರಿಯಾಗಿ ತಿರುಗಿ ನೋಡುತ್ತದೆ. ಸ್ವಲ್ಪ ಪಕ್ಕಕ್ಕೆ ಬಂದು, ಭುಜದ ಹಿಂದಿನಿಂದ ಹತ್ತಿರ ಹೋದರೆ ಮುಂದಕ್ಕೆ ನಡೆಯುತ್ತದೆ. ಭುಜ ದಾಟಿ ಮುಂದೆ ಬಂದರೆ ಹಿಂದಕ್ಕೆ ಸರಿಯುತ್ತದೆ. ಪ್ರತಿ ದನದ ಸುತ್ತ ಕಣ್ಣಿಗೆ ಕಾಣದ ಒಂದು ಬೇಲಿ ಇದೆ. ಆ ಬೇಲಿಯ ಅಂಚಿಗೆ ಹೋಗಬೇಕು, ಅದು ಒಂದು ಹೆಜ್ಜೆ ಇಟ್ಟ ಕೂಡಲೇ ನಾವು ಹಿಂದೆ ಸರಿಯಬೇಕು. ಸರಿದದ್ದೇ ಅದಕ್ಕೆ ಬಹುಮಾನ. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಟೆಂಪಲ್ ಗ್ರ್ಯಾಂಡಿನ್ ಇದನ್ನು ಚಿತ್ರ ಬರೆದು ಲೋಕಕ್ಕೆ ತಿಳಿಸಿಕೊಟ್ಟವರು. ನಮ್ಮೂರಿನ ಮುದುಕರು ಕೋಲು ಹೆಗಲ ಮೇಲಿಟ್ಟು ಮಂದೆಯ ಓರೆಗೆ ನಡೆಯುತ್ತಿದ್ದದ್ದು ಆಗ ಕಣ್ಣಿಗೆ ಕಟ್ಟಿತು. ಯಾಕೆ ಹಾಗೆ ನಡೆಯುತ್ತಿದ್ದರು ಅಂತ ಚಿಕ್ಕವನಾಗಿದ್ದಾಗ ಕೇಳಿರಲಿಲ್ಲ.

ಅರ್ಧ ದಾರಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. ಒಂದು ಕರು ಪದೇಪದೇ ನಿಲ್ಲುತ್ತಿತ್ತು. ನಾನು ಆತುರಪಟ್ಟು ಕುದುರೆಯನ್ನು ತೀರಾ ಹತ್ತಿರ ತಂದೆ. ಕರು ಗಕ್ಕನೆ ತಿರುಗಿ ಕುದುರೆಯ ಪಕ್ಕದಲ್ಲೇ ನುಸುಳಿ, ಬಾಲ ನೆಟ್ಟಗೆ ಮಾಡಿಕೊಂಡು ಬಂದ ದಾರಿಯಲ್ಲೇ ಓಡಿತು. ನೋಡುತ್ತಿದ್ದಂತೆ ಇನ್ನೂ ನಾಲ್ಕು ಅದರ ಹಿಂದೆ. ಬಿಸ್ಕೆಟ್ ನನ್ನನ್ನು ಕೇಳದೆ ತಿರುಗಿತು. ನಾನು ಜೀನಿನ ಕೊಂಬು ಹಿಡಿದು ಉಳಿದೆ. ಹುಡುಗಿ ಓಡಿಸಬೇಡಿ ಅಂತ ಕೈ ತೋರಿಸಿ, ಒಂದು ದೊಡ್ಡ ಸುತ್ತು ಹಾಕಿ, ಅವುಗಳ ಮುಂದೆ ಹೋಗಿ ಸುಮ್ಮನೆ ನಿಂತಳು. ಮೂರು ಕರು ತಿರುಗಿ ಬಂದವು. ಎರಡು ಬರಲಿಲ್ಲ. ಬಿಟ್ಟುಬಿಡಿ, ಎಲ್ಲಿಗೆ ಹೋಗಿವೆ ಅಂತ ಗೊತ್ತು ಅಂದಳು.

ಎಲ್ಲಿಗೆ ಅಂತ ಕೇಳಿದೆ. ತಾಯಿ ಕಾಣದಿದ್ದರೆ ಕರು ತಾನು ಕೊನೆಯ ಸಲ ಹಾಲು ಕುಡಿದ ಜಾಗಕ್ಕೆ ವಾಪಸ್ಸು ಹೋಗುತ್ತದೆ. ತಾಯಿಯೂ ಅಲ್ಲಿಗೇ ಹೋಗಿ ಹುಡುಕುತ್ತದೆ. ಅದು ಅವೆರಡರ ಕರಾರು. ಐದಾರು ಮೈಲಿ ಆದರೂ ಹೋಗುತ್ತವೆ ಅಂದಳು. ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು. ಎಷ್ಟೋ ಸಂಜೆ ಕಾವಲಿನಲ್ಲಿ ಕರು ಕಳೆದುಕೊಂಡು ಅಳುತ್ತಾ ಮನೆಗೆ ಬಂದಿದ್ದೇನೆ. "ಬೆಳಗ್ಗೆ ಬಿಟ್ಟ ಕಡೆ ಹೋಗಿ ನೋಡೋ" ಅಂತ ಅವ್ವ ಹೇಳುತ್ತಿದ್ದಳು. ಹೋದರೆ ಅದು ಅಲ್ಲೇ ಇರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಬಯಲು ಸೇರಿದೆವು. ಕೆಲಸ ಮುಗಿಯಿತು ಅಂತ ನಾನು ಇಳಿಯಲು ಹೋದೆ. ಮುಗಿದಿರಲಿಲ್ಲ. ಈಗ ಎಲ್ಲರೂ ಮಂದೆಯ ಸುತ್ತ ದೂರ ದೂರ ನಿಂತು ಕಾಯಬೇಕು. ಪ್ರತಿ ಕರುವಿಗೂ ಅದರ ತಾಯಿ ಸಿಕ್ಕಿ, ಹಾಲು ಕುಡಿಯುವವರೆಗೆ. ಕುಡಿದರೆ ಈ ಬಯಲೇ ಅದರ ಹೊಸ ಜಾಗ, ಇಲ್ಲವಾದರೆ ರಾತ್ರಿಯೊಳಗೆ ಬೆಟ್ಟ ಇಳಿದು ಹೋಗುತ್ತದೆ. ಮುನ್ನೂರು ಬಾಯಿಗಳು ಒಟ್ಟಿಗೆ ಕೂಗುತ್ತಿದ್ದವು. ಆ ಗದ್ದಲದಲ್ಲೂ ತನ್ನ ಕರುವಿನ ದನಿ ತಾಯಿಗೆ ಗೊತ್ತು. ಹತ್ತಿರ ಬಂದ ಮೇಲೂ ನಂಬುವುದಿಲ್ಲ. ಬಾಲದ ಬುಡ ಮೂಸಿ ನೋಡಿ, ಬೇರೆಯದಾದರೆ ತಲೆಯಲ್ಲಿ ತಳ್ಳುತ್ತದೆ. ತನ್ನದಾದರೆ ನಿಂತುಕೊಳ್ಳುತ್ತದೆ.

ಈ ಕರುಗಳು ಮಾಂಸಕ್ಕಾಗಿ ಸಾಕಿದವು. ಚಳಿಗಾಲಕ್ಕೆ ಮೊದಲು ತಾಯಿಯಿಂದ ಬಿಡಿಸಿ ಮಾರುತ್ತಾರೆ. ಅದು ಆ ರಾಂಚಿನ ಬದುಕು, ಅದನ್ನು ಅವರು ಮುಚ್ಚಿಡುವುದಿಲ್ಲ, ನಾನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ನನ್ನ ಮನಸ್ಸಿಗೆ ಕಷ್ಟವಾಯಿತು. ಆದರೆ ಆ ದಿನ ಎರಡು ಗಂಟೆ ಬಿಸಿಲಲ್ಲಿ ಒಬ್ಬರೂ ಊಟ ಕೇಳದೆ ಕಾದು ನಿಂತದ್ದನ್ನೂ ನೋಡಿದೆ.

ಒಂದೊಂದೇ ಜೋಡಿ ಕೂಗು ನಿಲ್ಲಿಸಿತು. ಬಯಲು ನಿಧಾನಕ್ಕೆ ತಣ್ಣಗಾಯಿತು. ಎರಡು ತಾಯಿ ದನ ಮಾತ್ರ ಬೇಲಿಯ ಹತ್ತಿರ ಕೆಳಗೆ ನೋಡುತ್ತಾ ಕೂಗುತ್ತಲೇ ಇದ್ದವು. ಹುಡುಗಿ ಇಳಿದು ಗೇಟು ತೆಗೆದಳು. ಎರಡೂ ಯಾರೂ ಹೊಡೆಯದೆ ತಾವೇ ಹೊರಟವು, ಬಿರುಸಾಗಿ, ಬಂದ ದಾರಿಯಲ್ಲೇ. ನಾನೂ ಅವಳೂ ದೂರದಿಂದ ಹಿಂದೆ ಹೋದೆವು. ಬೆಳಗ್ಗೆ ಹೊರಟಿದ್ದ ಹೊಳೆದಂಡೆಗೆ ಬರುವಾಗ ಸಂಜೆಯಾಗಿತ್ತು. ವಿಲ್ಲೋ ಗಿಡದ ನೆರಳಲ್ಲಿ ಎರಡು ಕರಿ ಕರುಗಳು ಮಲಗಿದ್ದವು. ತಾಯಿ ಕೂಗಿದ ಕೂಡಲೇ ಎದ್ದವು. ಹಾಲು ಕುಡಿಯುವ ಚಪ್ಪರಿಕೆ ಕುದುರೆಯ ಮೇಲೆ ಕೂತ ನಮಗೂ ಕೇಳಿಸುತ್ತಿತ್ತು. ಬಿಸ್ಕೆಟ್ ತಲೆ ಇಳಿಸಿ ಹುಲ್ಲಿಗೆ ಬಾಯಿ ಹಾಕಿತು. ನಾನು ಲಗಾಮು ಸಡಿಲ ಬಿಟ್ಟೆ.

ನಮಸ್ಕಾರ.