ಸರ್ವರ್ ನಿಧಾನವೇ? ಮೊದಲು ಅಳೆಯಿರಿ

ಕೇಳುಗರಿಗೆ ನಮಸ್ಕಾರ. ಅಡಿಕೆ ಮಂಡಿ, ಸೊಸೈಟಿ, ಲೆಕ್ಕಪತ್ರದ ಆಫೀಸು ನಡೆಸುವವರು ಸ್ವಲ್ಪ ಕಿವಿ ಕೊಡಿ. ನಾಲ್ಕೈದು ಕಂಪ್ಯೂಟರ್ ಇರುವ ಕಡೆ ಎಲ್ಲರ ಫೈಲುಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರಲ್ಲ, ಅದೇ ಫೈಲ್ ಸರ್ವರ್. ಅದು ನಿಧಾನವಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಹೊಸದು ತಗೊಳ್ಳೋಣ್ವಾ ಸಾರ್?" ನನ್ನ ಉತ್ತರವೂ ಒಂದೇ. ಮೊದಲು ಅಳೆಯಿರಿ.

ಶಿವಮೊಗ್ಗದ ಒಂದು ಮಂಡಿಗೆ ಹೋಗಿದ್ದೆ. ಅಡಿಕೆ ಸೀಸನ್ನು. ಹೊರಗೆ ರಾಶಿ, ಬೆಟ್ಟೆ ಚೀಲಗಳು ಮಾಡಿನವರೆಗೆ. ಒಳಗೆ ಬಿಲ್ಲಿನ ಫೈಲು ತೆರೆಯುವುದರೊಳಗೆ ರೈತರು ಕವಳ ಹಾಕಿ ಉಗಿದು ಬರುತ್ತಿದ್ದರು. ಯಜಮಾನರ ಮೇಜಿನ ಮೇಲೆ ಹೊಸ ಸರ್ವರಿನ ಕೊಟೇಶನ್ ಆಗಲೇ ಕೂತಿತ್ತು. ನಾನು ಒಂದು ಜಿಬಿಯ ಒಂದೇ ಫೈಲನ್ನು ಸರ್ವರಿನಿಂದ ನನ್ನ ಲ್ಯಾಪ್‌ಟಾಪಿಗೆ ಕಾಪಿ ಹಾಕಿದೆ. ಒಂದೂವರೆ ನಿಮಿಷ. ಸೆಕೆಂಡಿಗೆ 11 ಎಂಬಿ. ಆ 11 ನೋಡಿ ನನಗೆ ನಗು ಬಂತು.

ಯಾಕೆ ಅಂದರೆ, ನೆಟ್‌ವರ್ಕ್ ಕೇಬಲಿನೊಳಗೆ ಎಂಟು ತಂತಿ ಇರುತ್ತವೆ, ನಾಲ್ಕು ಜೋಡಿ. ಸೆಕೆಂಡಿಗೆ ಸಾವಿರ ಮೆಗಾಬಿಟ್, ಅಂದರೆ ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ನೂರು ಮೆಗಾಬಿಟ್ಟಿಗೆ ನಾಲ್ಕೇ ಸಾಕು. ನೂರಕ್ಕೆ ಬೇಡದ ಜೋಡಿಯೊಂದು ಕಡಿದರೆ ಯಂತ್ರಗಳು ಸಾಮಾನ್ಯವಾಗಿ ಗಲಾಟೆ ಮಾಡದೆ ನೂರಕ್ಕೆ ಇಳಿದುಬಿಡುತ್ತವೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಆ ನೂರು ಮೆಗಾಬಿಟ್ಟಿನಲ್ಲಿ ನಿಮ್ಮ ಕೈಗೆ ಸಿಗುವುದು ಸೆಕೆಂಡಿಗೆ 11, 12 ಮೆಗಾಬೈಟ್, ಅಂದರೆ ಎಂಬಿ, ಅಷ್ಟೇ.

ಅಟ್ಟ ಹತ್ತಿದೆ. ಸರ್ವರಿನ ಕೇಬಲ್ಲು ಜಂತಿಯ ಮೇಲೆ ಹಾದಿತ್ತು. ಕಂದು ಬಣ್ಣದ ಜೋಡಿಯನ್ನು ಇಲಿ ನೀಟಾಗಿ ಕಡಿದಿತ್ತು, ಪಕ್ಕದಲ್ಲೇ ಹಿಕ್ಕೆ. ಕೇಬಲ್ ಬದಲಾಯಿಸಿದೆವು. ಅದೇ ಫೈಲು, ಹತ್ತು ಸೆಕೆಂಡು. ಕೊಟೇಶನ್ ಎಲ್ಲಿ ಹೋಯಿತೋ, ಮಂಡಿಗೆ ಈಗ ಒಂದು ಬೆಕ್ಕು ಬಂದಿದೆ.

ಎಂಜಿನ್ ಎಷ್ಟೇ ದೊಡ್ಡದಿರಲಿ, ಆಗುಂಬೆ ಘಾಟಿಯ 14 ತಿರುವಿನಲ್ಲಿ ಗಾಡಿ ಓಡುವುದು ರಸ್ತೆ ಬಿಟ್ಟಷ್ಟೇ, ಅಲ್ವಾ? ಹೀಗಿದ್ದೂ ಜನ ಎಂಜಿನ್ನಿಗೇ ದುಡ್ಡು ಸುರಿಯುತ್ತಾರೆ. ಎಷ್ಟು ಸಲ ಹೇಳಲಿ, ಅಳೆಯಿರಿ! ಕಂಪ್ಯೂಟರಿನ ಈಥರ್‌ನೆಟ್ ಸ್ಟೇಟಸ್ ತೆರೆದು ಸ್ಪೀಡ್ ಎದುರು ಏನಿದೆ ನೋಡಿ. 1 ಗಿಗಾಬಿಟ್ ಇರಬೇಕಾದ ಕಡೆ 100 ಮೆಗಾಬಿಟ್ ಇದ್ದರೆ ಕೇಬಲ್ ನೋಡಿ, ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ನೋಡಿ. ಇದಕ್ಕೆ ಪೈಸೆ ಖರ್ಚಿಲ್ಲ.

ನನ್ನ ಸಮಯ ಇಲಿಗೇ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ದೊಡ್ಡ ಫೈಲು ಸಲೀಸಾಗಿ ಬಂದು, ಸಾವಿರಾರು ಸಣ್ಣ ಫೈಲು ತೆವಳಿದರೆ ತಪ್ಪು ಕೇಬಲಿನದ್ದಲ್ಲ. ಪ್ರತಿ ಫೈಲಿಗೂ ತೆರೆ, ಓದು, ಮುಚ್ಚು ಅಂತ ಸರ್ವರ್ ಜೊತೆ ಮಾತುಕತೆ ನಡೆಯುತ್ತದೆ. ಅಡಿಕೆ ಒಂದೊಂದೇ ಎಣಿಸಿ ಚೀಲಕ್ಕೆ ಹಾಕಿದ ಹಾಗೆ. ಹಳೇ ವರ್ಷದವನ್ನು ಒಂದು ಜಿಪ್ ಫೈಲಿನಲ್ಲಿ ಒಟ್ಟಿಗೆ ಕಟ್ಟಿಡಿ. ಅವೇ ಫೈಲುಗಳನ್ನು ದಿನವಿಡೀ ತೆರೆಯುವವರು ಸರ್ವರಿಗೆ ರ‍್ಯಾಮ್ ಅನ್ನುವ ಮೆಮೊರಿ ಜಾಸ್ತಿ ಹಾಕಿಸಿ. ಒಮ್ಮೆ ಓದಿದ್ದನ್ನು ಅದು ಅಲ್ಲೇ ಇಟ್ಟುಕೊಂಡು ಕೊಡುತ್ತದೆ. ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕು ಆಮೇಲೆ. ಮತ್ತೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪುನಃ ಅದೇ ಫೈಲನ್ನೇ ಕಾಪಿ ಹಾಕಿ ಅಳೆಯಿರಿ. ನಮಸ್ಕಾರ.