ಕಾಡಿನ ನೆಲ, ಕಾಲುವೆಯ ನೀರು

ನಮಸ್ಕಾರ. ಸಿಂಧನೂರು, ಮಾನ್ವಿ, ಸಿರವಾರ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಭತ್ತ ಬೆಳೆಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇವತ್ತು ಮಲೆನಾಡಿನ ಹಳೇ ಕಾಡಿನ ಮಾತು. ‘ಅಲ್ಲಿ ಮರ ಕಡಿದರೆ ನಮಗೇನು’ ಅನ್ನಬೇಡಿ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದ ಕಾಡಿನಲ್ಲಿ. ನಿಮ್ಮ ಗದ್ದೆಗೆ ಬರುವುದು ಆ ನೀರೇ.

ಒಂದೇ ಮಾತು ನೆನಪಿಡಿ. ಕಾಡಿನ ಆಸ್ತಿ ಇರುವುದು ಅದರ ನೆಲದಲ್ಲಿ.

ನಾನು ಮಣ್ಣಿನ ಪಾಠ ಹೇಳುತ್ತಿದ್ದಾಗ ಒಮ್ಮೆ ರಾಯಚೂರಿನಿಂದ ಹುಡುಗರನ್ನು ಕರೆದುಕೊಂಡು ಶೃಂಗೇರಿ ಕಡೆ ಹೋಗಿದ್ದೆ. ದೊಡ್ಡದೊಂದು ಧೂಪದ ಮರದ ಬುಡ. ಒಣ ಎಲೆ ಸರಿಸಿದರೆ ಕೊಳೆತ ಎಲೆ, ಅದರ ಕೆಳಗೆ ಮೆತ್ತನೆ ಕರೀ ಮಣ್ಣು. ಅದರ ತುಂಬ ಬಿಳಿ ದಾರದಂಥ ಅಣಬೆಯ ಎಳೆಗಳು, ಎರೆಹುಳು, ಕೂದಲಿನಂಥ ಬೇರು. ಸಿರವಾರದ ಹುಡುಗನೊಬ್ಬ ಮುಂಗೈ ಪೂರ್ತಿ ಇಳಿಸಿ, ‘ಸರ, ಗಟ್ಟಿ ನೆಲಾನೇ ಸಿಗವಲ್ದು’ ಅಂದ. ಒಂದು ಚೊಂಬು ನೀರು ಸುರಿದೆವು. ಸುರಿಯುತ್ತಿದ್ದ ಹಾಗೇ ನೆಲ ಕುಡಿದುಬಿಟ್ಟಿತು. ಇನ್ನೊಂದು ಚೊಂಬು, ಅದೂ ಹೋಯಿತು. ಆಮೇಲೆ ಪಕ್ಕದಲ್ಲೇ ಮರ ಕಡಿದು ಬೋಳಾಗಿದ್ದ ಇಳಿಜಾರಿಗೆ ನಡೆದೆವು. ಅಲ್ಲೂ ಅದೇ ಚೊಂಬು. ನೀರು ಇಂಗಲೇ ಇಲ್ಲ. ಕೆಂಪಗೆ, ಸಾರಿನ ಹಾಗೆ ಹರಿದು ನಮ್ಮ ಚಪ್ಪಲಿ ತೋಯಿಸಿತು. ಹುಡುಗ ತುಂಬಾ ಹೊತ್ತು ಅದನ್ನೇ ನೋಡುತ್ತ ನಿಂತ. ಅವರಪ್ಪನ ಗದ್ದೆ ಕಾಲುವೆಯ ಕೊನೇ ತೂಬಿನಲ್ಲಿತ್ತು.

ಆ ಕೆಂಪು ನೀರು ಬಂದು ನಿಲ್ಲುವುದು ಮುನಿರಾಬಾದಿನ ಅಣೆಕಟ್ಟಿನಲ್ಲಿ. 1953ರಲ್ಲಿ ನೀರು ನಿಲ್ಲಿಸಿದಾಗ ತುಂಗಭದ್ರಾ ಜಲಾಶಯ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕೂತಿದೆ. ಹೊಲದ ಮಣ್ಣು, ಗಣಿಯ ಮಣ್ಣು, ಬೋಳು ಗುಡ್ಡದ ಮಣ್ಣು ಎಲ್ಲ ಸೇರಿ. ಕಾಡಿನ ನೆಲ ಕುಡಿದಿಟ್ಟುಕೊಂಡು ಬೇಸಿಗೆಯಲ್ಲಿ ನಿಧಾನಕ್ಕೆ ಬಿಡಬೇಕಾದ ನೀರು ಮಳೆಗಾಲದಲ್ಲೇ ಒಮ್ಮೆಗೇ ನುಗ್ಗಿ ಬರುತ್ತದೆ. ಹಿಡಿದಿಡೋಣ ಅಂದರೆ ಜಲಾಶಯದಲ್ಲಿ ಜಾಗ ಇಲ್ಲ.

‘ಒಂದು ಕಡಿದರೆ ಹತ್ತು ನೆಡ್ತೀವಿ’ ಅನ್ನುತ್ತಾರಲ್ಲ, ಕೇಳಿ ಕೇಳಿ ಸಾಕಾಗಿದೆ. ಸಸಿ ನೆಡಬಹುದು, ನೆಲ ಎಲ್ಲಿಂದ ತರ್ತೀರಿ? ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಅಕೇಶಿಯಾ, ನೀಲಗಿರಿ ಸಾಲಾಗಿ ನೆಟ್ಟರೆ ದೂರದಿಂದ ಹಸಿರು ಕಾಣುತ್ತದೆ, ಅಷ್ಟೇ. ನಮ್ಮ ಸಂಡೂರಿನ ದೇವದಾರಿ ಗುಡ್ಡದಲ್ಲಿ ಗಣಿಗಾಗಿ 99 ಸಾವಿರ ಮರ ಹೋಗುತ್ತವೆ ಅಂದಾಗಲೂ ಎಲ್ಲರ ಬಾಯಲ್ಲೂ ಮರದ ಲೆಕ್ಕವೇ. ನೆಲದ ಲೆಕ್ಕ ಕೇಳಿದವರು ಕಡಿಮೆ.

ಹಳೇ ಮರದ ಪೊಟರೆಯಲ್ಲೇ ಮೊಟ್ಟೆ ಇಡುವ ಮಂಗಟ್ಟೆ ಹಕ್ಕಿಯ ವಿಷಯ, ಕಡಿದ ಕಾಡಿನಿಂದ ಗಾಳಿಗೆ ಸೇರುವ ಇಂಗಾಲದ ವಿಷಯ ಹೇಳಬೇಕಿತ್ತು, ಸಮಯ ಆಯಿತು. ಒಂದು ಕೆಲಸ ಮಾಡಿ. ಈ ಸಲ ಕಾಲುವೆಗೆ ಹೊಸ ನೀರು ಬಂದ ದಿನ ಒಂದು ಗಾಜಿನ ಲೋಟದಲ್ಲಿ ಹಿಡಿದು ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಮಕ್ಕಳನ್ನು ಕರೆದು ಲೋಟದ ತಳ ತೋರಿಸಿ. ನಮಸ್ಕಾರ.